ಒಂದೇ ಕಣ್ಣಿನ ನೀರು, ಪ್ರೇಮಮ್ಮನ ಎರಡು ಪ್ರಶ್ನೆ

ಬೆಳಗಿನ ಆರೂಕಾಲು. ಸಂತೇಬೆನ್ನೂರಿನ ಅಂಚಿನ ಶೆಡ್ಡಿನಲ್ಲಿ ಅಡಿಕೆ ಬೇಯಿಸುವ ಹಂಡೆಗೆ ಆಗಲೇ ಉರಿ ಬಿದ್ದಿದೆ. ಸುಲಿಯಲು ಕೂತ ಹೆಂಗಸರ ನಡುವೆ ಆಶಾ ಕಾರ್ಯಕರ್ತೆ ಪ್ರೇಮಮ್ಮ ಕುಕ್ಕರಗಾಲಲ್ಲಿ ಕೂತು ಒಬ್ಬೊಬ್ಬರ ಮುಖ ನೋಡುತ್ತಾರೆ. ಕೇಳುವುದು ಎರಡೇ ಪ್ರಶ್ನೆ. ನೀರು ಸುರಿಯುವುದು ಒಂದೇ ಕಣ್ಣಲ್ಲೋ, ಎರಡರಲ್ಲೋ? ಮೂಗು ಕಟ್ಟುತ್ತದೆಯೋ? ಕಣ್ಣು ನೋಡಲು ಬಂದವಳಿಗೆ ಮೂಗಿನ ಉಸಾಬರಿ ಏಕೆಂದು ಹೆಂಗಸರು ನಗುತ್ತಾರೆ. ನಗಲಿ ಬಿಡಿ, ಉತ್ತರ ಬರೆದುಕೊಳ್ಳದೆ ಈಕೆ ಏಳುವವರಲ್ಲ.

ಹದಿನಾಲ್ಕು ವರ್ಷದ ಕೆಲಸ, ದಿನಕ್ಕೆ ಇಪ್ಪತ್ತೈದು ಮನೆ. ಬಾಣಂತಿಯರ ಲೆಕ್ಕ, ಲಸಿಕೆ ಎಲ್ಲದರ ಜೊತೆಗೆ ಕಣ್ಣಿನ ಶಿಬಿರಕ್ಕೆ ಹೆಸರು ಬರೆಯುವುದೂ ಇವರ ಪಾಲಿಗೇ. ಮೊದಲೆಲ್ಲ ಯಾರ ಕಣ್ಣಲ್ಲಿ ನೀರು ಬಂದರೂ ‘ಹೊಗೆ’ ಎಂದು ಬರೆದು ಮುಗಿಸುತ್ತಿದ್ದರು. ಒಲೆ ಮುಂದೆ ದುಡಿಯುವವರ ಊರಿನಲ್ಲಿ ಅದನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

ಇಲ್ಲಿ ಉರಿ ನೋಡಿಕೊಳ್ಳುವ ಭೀಮಕ್ಕನ ಎಡಗಣ್ಣಿಗೂ ಹಾಗೇ ಬರೆದರು. ಆ ಕಣ್ಣಿಗೆ ಪೊರೆಯೂ ಬಂದಿತ್ತು. ಎರಡು ವರ್ಷದ ಹಿಂದೆ ಶಿಬಿರದ ವ್ಯಾನಿನಲ್ಲಿ ಪೊರೆ ತೆಗೆಸಲು ಹೋದ ಭೀಮಕ್ಕ, ಸಂಜೆ ಅದೇ ವ್ಯಾನಿನಲ್ಲಿ ವಾಪಸ್. ಕಣ್ಣೀರಿನ ನಾಳ ಕಟ್ಟಿ ಕೀವಾಗಿದೆ, ಈಗ ಆಪರೇಷನ್ ಮಾಡಿದರೆ ಕಣ್ಣೇ ಹೋದೀತು ಎಂದಿದ್ದರು ವೈದ್ಯರು. ಆ ನಾಳ ಇಳಿಯುವುದು ಮೂಗಿನೊಳಕ್ಕೆ, ಸೈನಸ್ ವರ್ಷಗಟ್ಟಲೆ ಊದಿಕೊಂಡಿದ್ದರೆ ಅದೂ ಕಟ್ಟಿಕೊಳ್ಳಬಹುದು ಎಂಬುದನ್ನು ಪ್ರೇಮಮ್ಮ ಅಂದೇ ಮೊದಲು ಕೇಳಿದ್ದು.

“ಹೊಗೆ ಆಗಿದ್ರೆ ಎರಡೂ ಕಣ್ಣಾಗೆ ನೀರು ಬರ್ಬೇಕಿತ್ತಲ್ರೀ. ಇಷ್ಟು ನನ್ ತಲೆಗೆ ಹೊಳೀಲಿಲ್ಲ. ಮೂರು ವರ್ಷ ಆಯಮ್ಮ ಮೂಗು ಸೊರಗುಟ್ಟೋದು ಕೇಳಿಸ್ಕಂಡೂ ಸುಮ್ನಿದ್ದೆ. ತಪ್ಪು ನಂದೇ,” ಎನ್ನುತ್ತಾರೆ ಪ್ರೇಮಮ್ಮ ನನ್ನೊಡನೆ.

ಒಮ್ಮೆ ವಾಪಸ್ ಬಂದ ಮೇಲೆ ಭೀಮಕ್ಕ ಆಸ್ಪತ್ರೆಯ ಹೆಸರೆತ್ತಿದರೆ ಸಿಡಿಮಿಡಿ. ಹೋದರೆ ಹೋಗಲಿ, ಇನ್ನೊಂದು ಕಣ್ಣಿದೆಯಲ್ಲ ಎನ್ನುತ್ತಿದ್ದರಂತೆ. ಪ್ರೇಮಮ್ಮ ಹತ್ತು ಸಲ ಅವರ ಬಾಗಿಲು ತುಳಿದರು, ಹನ್ನೊಂದನೇ ಸಲಕ್ಕೆ ಆಟೊ ಕರೆದುಕೊಂಡೇ ಹೋದರು. ದಾವಣಗೆರೆಯಲ್ಲಿ ಮೊದಲು ಸೈನಸ್‌ಗೆ ಚಿಕಿತ್ಸೆ, ಆಮೇಲೆ ಕಣ್ಣೀರಿಗೆ ಮೂಗಿನೊಳಗೆ ಹೊಸ ದಾರಿ, ಕೊನೆಗೆ ಪೊರೆ. ಏಳು ತಿಂಗಳು ಹಿಡಿಯಿತು. ಆ ಎರಡು ಪ್ರಶ್ನೆಗಳಿಂದ ಇಂಥವರು ಇನ್ನೂ ಒಂಬತ್ತು ಮಂದಿ ಸಿಕ್ಕಿದ್ದಾರೆ.

ಇವತ್ತು ಸೌದೆ ಹಸಿ, ಶೆಡ್ಡಿನ ತುಂಬ ಹೊಗೆ. ಪ್ರೇಮಮ್ಮ ಒಲೆಯ ಬಳಿ ಹೋಗಿ ಭೀಮಕ್ಕನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾರೆ.

“ನೋಡ್ರಿ, ಎರಡ್ರಾಗೂ ನೀರು ಬರ್ತೈತೆ,” ಎಂದು ನನಗೆ ತೋರಿಸಿ, ಪುಸ್ತಕ ತೆರೆದು ಭೀಮಕ್ಕನ ಹೆಸರಿನ ಮುಂದೆ ‘ಹೊಗೆ’ ಎಂದು ಬರೆಯುತ್ತಾರೆ.