ಸುಳಿ ಬಾಡಿದ ಮರಕ್ಕೆ ಇಬ್ಬರು ಪಂಡಿತರು

ಆ ಇಬ್ಬರ ಮುಖ ನಾನು ನೋಡಿದ್ದೇ ಇಲ್ಲ. ಆದರೂ ಎದುರಿಗೆ ಸಿಕ್ಕರೆ ಇವತ್ತಿಗೂ ಬಿಡೋಳಲ್ಲ, ಚೆನ್ನಾಗಿ ಉಗೀತೀನಿ.

ಎಂಬತ್ತನೇ ಇಸವಿಯ ಆಸುಪಾಸು. ಅರಳಗುಪ್ಪೆ ಹತ್ತಿರದ ನಮ್ಮೂರಿಗೆ ತಿಪಟೂರಿಂದ ಒಂದು ವಾರಪತ್ರಿಕೆ ಬರ್ತಿತ್ತು. ಅದರಲ್ಲಿ ಒಂದು ಪುಟ ಪೂರಾ ಓದುಗರದೇ. ಒಬ್ಬರು ಪ್ರಶ್ನೆ ಬರೆಯೋದು, ಮುಂದಿನ ವಾರ ಇನ್ಯಾರೋ ಓದುಗರು ಉತ್ತರ ಬರೆಯೋದು. ನಮ್ಮ ಹಿತ್ತಲ ತೆಂಗಿನಮರದ ಸುಳಿ ಬಾಡಿ ವಾಲಿಕೊಂಡಾಗ ನಮ್ಮತ್ತೆ, "ಪೇಪರ್ನೋರ್ಗೆ ಬರಿ ಕಣಮ್ಮ" ಅಂತ ಪಟ್ಟು ಹಿಡಿದರು. ಅವರಿಗೆ ಓದು ಬರ್ತಿರಲಿಲ್ಲ, ಅಚ್ಚಾಗಿದ್ದೆಲ್ಲ ದೇವರ ಮಾತು. ನನ್ನ ಗಂಡ ಹುಟ್ಟಿದ ವರ್ಷ ಅವರೇ ಕೈಯಾರೆ ನೆಟ್ಟ ಮರ ಅದು, ಬಾಣಂತಿ ಬಚ್ಚಲ ನೀರು ಕುಡಿದು ಬೆಳೆದದ್ದು. "ಇದಕ್ಕೇನಾದ್ರೂ ಆದ್ರೆ ನನ್ ಮಗಂಗೇ ಆದಂಗೆ" ಅನ್ನೋರು.

ಬರೆದೆ. ತುರುವೇಕೆರೆ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ಉತ್ತರ ಕೊಟ್ಟರು: ಕೊಳೆತದ್ದನ್ನು ಕೆತ್ತಿ ತೆಗೆದು, ಮೈಲುತುತ್ತ ಸುಣ್ಣ ಕಲಸಿ ಮೆತ್ತಿ. ನಾನು ಸುಣ್ಣ ತರಿಸೋಕೆ ಹೊರಟರೆ ಅತ್ತೆ ತಡೆದರು. "ತಡಿ, ಇನ್ನೊಬ್ರು ಏನಂತಾರೋ ನೋಡಾನ."

ಇನ್ನೊಬ್ಬ ಬಂದ, ಚಿಕ್ಕನಾಯಕನಹಳ್ಳಿಯ ಗೊಬ್ಬರದ ಅಂಗಡಿಯವನು. ಸುಳಿ ಮುಟ್ಟಿದರೆ ಮರ ಸತ್ತೇ ಹೋಗುತ್ತೆ, ಉಪ್ಪು ಬೂದಿ ಸುರಿದರೆ ಸಾಕು, ಮೇಷ್ಟ್ರು ಮಗ್ಗಿ ಹೇಳಿಕೊಡಲಿ ಅಂತ ಬರೆದ. ಶುರುವಾಯ್ತು ನೋಡಿ! ಅಂಗಡೀಲಿ ಕೂತವನಿಗೆ ತೋಟದ ಗಾಳಿ ಗೊತ್ತೇ ಅಂತ ಅವರು. ನಿಮ್ಮ ತೋಟದಲ್ಲಿ ಇರೋದೇ ನಾಲ್ಕು ಗೊಡ್ಡು ಮರ ಅಂತ ಇವನು. ಅವನ ಕಾಗದ ನನ್ನದಕ್ಕಿಂತ ಮೇಲೆ ಯಾಕೆ ಹಾಕಿದಿರಿ ಅಂತ ಸಂಪಾದಕರಿಗೆ ಮೇಷ್ಟ್ರ ತಕರಾರು ಬೇರೆ. ಥೂ! ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಗಂಡನೂ ಇಲ್ಲ, ಹೆಂಡತಿನೂ ಇಲ್ಲ, ಬರೀ ಎರಡು ಜಂಬ.

ವಾರ ವಾರ ನಾನು ಓದಿ ಹೇಳೋದು, ಅತ್ತೆ "ಇಬ್ರೂ ಒಂದ್ ಮಾತಿಗೆ ಬರ್ಲಿ ಬುಡು, ತಿಳ್ದೋರು" ಅನ್ನೋದು. ಅವರನ್ನು ಮೀರಿ ಆ ಮರಕ್ಕೆ ನಾನು ಕೈ ಹಾಕೋ ಹಾಗಿರಲಿಲ್ಲ. ಮೈಯೆಲ್ಲ ಉರೀತಿತ್ತು.

ಒಂದು ಬೆಳಗ್ಗೆ ಸುಳಿ ಕಳಚಿ ಹಿತ್ತಲಿಗೆ ಬಿತ್ತು. ಗಬ್ಬು ನಾತ. ಅತ್ತೆ ಅದರ ಪಕ್ಕದಲ್ಲೇ ಕೂತು ಎದೆ ಬಡಿದುಕೊಂಡು ಅತ್ತರು. ನಾನು ಪತ್ರಿಕೆಗೆ ಎರಡೇ ಸಾಲು ಬರೆದು ಹಾಕಿದೆ: ಮರ ಸತ್ತಿತು, ಇನ್ನು ನಿಲ್ಲಿಸಿ.

ನಿಲ್ಲಿಸಿದರಾ? ನನ್ನ ಮಾತು ಕೇಳಿದ್ದರೆ ಮರ ಬದುಕುತ್ತಿತ್ತು, ಈಗಲಾದರೂ ಎಲ್ಲರೂ ಒಪ್ಪಲಿ ಅಂತ ಮೇಷ್ಟ್ರು. ಮೇಷ್ಟ್ರ ಮಾತು ಕೇಳಿ ಸುಳಿ ಕೆತ್ತಿದ್ದಕ್ಕೇ ಸತ್ತಿತು ಅಂತ ಅಂಗಡಿಯವನು. ಕೆತ್ತಿದ್ದು ಯಾರು, ಇವರಪ್ಪನಾ? ಅಯ್ಯೋ ಪಾಪ ಅನ್ನೋ ಒಂದು ಮಾತು ಇಬ್ಬರ ಕಾಗದದಲ್ಲೂ ಇರಲಿಲ್ಲ.

"ನಮ್ ಮರದ ವಿಚಾರ ಏನ್ ಬರ್ದವ್ರೆ?" ಅಂದರು ಅತ್ತೆ. ಆ ಮುಖ ನೋಡಿ ನಿಜ ಹೇಳೋಕೆ ಬಾಯಿ ಬರಲಿಲ್ಲ.

"ಇಬ್ರೂ ಭಾಳ ನೊಂದ್ಕೊಂಡವ್ರೆ ಅತ್ತೆ" ಅಂದೆ.

ಸೆರಗಲ್ಲಿ ಕಣ್ಣೊರೆಸಿಕೊಂಡರು. "ಒಳ್ಳೇ ಜನ ಕಣಮ್ಮ. ಬಾವಿ ಪಕ್ಕದ ಮರದ ಸುಳಿನೂ ವಾಲೈತೆ. ಅವರ್ನೇ ಕೇಳಿ ಬರಿ."