ಹವೇಲಿಯ ಗೋಡೆ ಮತ್ತು ನಮ್ಮ ಕಡೆಯವರು

‘ನಮ್ಮ ಕಡೆಯವರು’ ಎಂದು ಯಾರಾದರೂ ಹಲ್ಲುಕಿರಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ದೆಹಲಿಗೆ ಬಂದ ಹೊಸತರಲ್ಲಿ ಅದೇ ಮಾತು ಕೇಳಿದರೆ ಕರಗಿಹೋಗುತ್ತಿದ್ದೆ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಜೂನಿಯರ್ ಇಂಜಿನಿಯರ್. ಹಳೆಯ ಕಟ್ಟಡಗಳ ದುರಸ್ತಿ ನಮ್ಮ ವಿಭಾಗದ ಕೆಲಸ. ನನ್ನ ಮೇಲಧಿಕಾರಿಯೂ ಕನ್ನಡಿಗರೇ. ಮಗಳಿಗೆ ಶಾಲೆಯಲ್ಲಿ ಸೀಟು ಕೊಡಿಸಿದವರು ಅವರು, ಪ್ರತಿ ಯುಗಾದಿಗೂ ಮನೆಗೆ ಕರೆದು ಒಬ್ಬಟ್ಟು ಬಡಿಸಿದವರು ಅವರು. ಉಪ್ಪು ತಿಂದ ಮನೆ ಎನ್ನುವ ಮಾತು ನನ್ನ ಬಾಯಿಗೆ ಬೀಗ ಹಾಕಿತ್ತು.

ಹಳೇ ದೆಹಲಿಯ ಗಲ್ಲಿಯೊಂದರಲ್ಲಿ ಒಂದು ಹವೇಲಿಯ ಕೆಲಸ ನಮಗೆ ಬಂತು. ಕಂಪನಿ ಸರ್ಕಾರದ ಕಾಲದಲ್ಲಿ ಬಟ್ಟೆ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ. ಒಳಗೆ ಅಂಗಳ, ಸುತ್ತಲೂ ಮೊಗಲರ ಕಮಾನು. ಬೀದಿಗೆ ಮಾತ್ರ ಇಂಗ್ಲಿಷರ ಬಂಗಲೆಯಂತೆ ದುಂಡು ಕಂಬಗಳು. ಬಿಳಿಯ ಗಿರಾಕಿ ಬಂದರೆ ಅವನಿಗೂ ಮನೆ ಎನಿಸಬೇಕಲ್ಲ, ವ್ಯಾಪಾರಿ ತಲೆ! ಅಂಗಳದ ದೊಡ್ಡ ಗೋಡೆಯ ತುಂಬ ಅವನ ಕಾಲದ ಚಿತ್ರಗಳಿದ್ದವು: ಬಟ್ಟೆಯ ಮೂಟೆ ಹೊತ್ತ ಒಂಟೆಗಳು, ತಕ್ಕಡಿ, ನದಿಯಲ್ಲಿ ದೋಣಿ. ಆ ಗೋಡೆಗೆ ಒರಗಿದ ಎರಡು ಕೋಣೆಗಳಲ್ಲಿ ಮೂರು ತಲೆಮಾರಿನಿಂದ ಪುಸ್ತಕಕ್ಕೆ ರಟ್ಟು ಕಟ್ಟುವ ಒಂದು ಕುಟುಂಬ ಬಾಡಿಗೆಗಿತ್ತು.

ದುರಸ್ತಿಗೆ ಅವರು ಆರು ತಿಂಗಳು ಖಾಲಿ ಮಾಡಬೇಕಿತ್ತು. ಮನೆಯ ಹೆಂಗಸು, ನನ್ನದೇ ವಯಸ್ಸಿನಾಕೆ, ಒಂದೇ ಪ್ರಶ್ನೆ ಕೇಳಿದಳು: “ವಾಪಸ್ ಬರಬಹುದಲ್ವಾ ಸಾಹಬ್? ನಮ್ಮ ಗಿರಾಕಿಗಳೆಲ್ಲ ಈ ಗಲ್ಲಿಯಲ್ಲೇ ಇದ್ದಾರೆ. ಇಲ್ಲಿಂದ ಹೋದರೆ ಕೆಲಸವೂ ಹೋದ ಹಾಗೆ.” “ಖಂಡಿತ ಬರ್ತೀರಿ, ನಾನಿದ್ದೀನಿ” ಎಂದೆ. ಕಾಗದದಲ್ಲಿ ಏನೂ ಬರೆದುಕೊಡಲಿಲ್ಲ. ಅವರು ಘಾಜಿಯಾಬಾದಿನಲ್ಲಿ, ನಮ್ಮ ಮನೆಯಿಂದ ಎರಡು ಮೆಟ್ರೋ ನಿಲ್ದಾಣ ಆಚೆ, ಒಂದು ಶೆಡ್ ಹಿಡಿದರು.

ಅಂಥ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ನಮ್ಮ ಮೇಸ್ತ್ರಿ, ಎಲ್ಲರೂ ಉಸ್ತಾದ್ ಎನ್ನುತ್ತಿದ್ದ ಮುದುಕ, ಅಂಗಳದಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿದ್ದ. ತಿಂಗಳುಗಟ್ಟಲೆ ನೀರಿನಡಿ ಅದು ಬೆಣ್ಣೆಯಂತೆ ಹದವಾಗಬೇಕು. ಆಮೇಲೆ ಇಟ್ಟಿಗೆ ಪುಡಿ, ಬೆಲ್ಲದ ನೀರು, ಬಿಲ್ವದ ಕಾಯಿಯ ತಿರುಳು ಬೆರೆಸಿ ರುಬ್ಬುವುದು. ನಾನು ದಿನಾ ಹೋಗಿ ಕೋಲು ಅದ್ದಿ ಹದ ನೋಡುತ್ತಿದ್ದೆ. ಆ ಕೆಲಸದಲ್ಲಿ ನನಗೆ ಎಂದೂ ಇಲ್ಲದ ಸುಖ ಸಿಗುತ್ತಿತ್ತು.

ಅಷ್ಟರಲ್ಲಿ ದೊಡ್ಡವರೊಬ್ಬರು ಹವೇಲಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಇನ್ನು ಹತ್ತೇ ದಿನ. ನಮ್ಮ ಸಾಹೇಬರು ಓಡೋಡಿ ಬಂದರು. ಅಂಗಳದಲ್ಲಿ ನಿಂತ ನೀರು ಕಂಡಿದ್ದೇ ತಡ, “ಡೆಂಗಿ ಸೀಸನ್‌ನಲ್ಲಿ ಇದೇನಿದು ಕೊಚ್ಚೆ? ತೆಗೆಸಿ!” ಎಂದು ಗುಂಡಿಯನ್ನೇ ಖಾಲಿ ಮಾಡಿಸಿದರು. ಸುಣ್ಣದ ನೀರಿನಲ್ಲಿ ಸೊಳ್ಳೆ! ಕೈ ಹಾಕಿದರೆ ಚರ್ಮ ಸುಲಿಯುವ ನೀರು ಅದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹದಕ್ಕೆ ಬಂದಿದ್ದ ಸುಣ್ಣವೆಲ್ಲ ಕಣ್ಣೆದುರೇ ಮೋರಿ ಸೇರಿತು. ಉಸ್ತಾದ್ ತಲೆಯ ಮೇಲೆ ಕೈಹೊತ್ತು ಕೂತ.

“ಸಿಮೆಂಟ್ ಹೊಡೆಸಿ ಬಣ್ಣ ಬಳಿಸ್ರೀ” ಎಂದರು ಸಾಹೇಬರು, ಕನ್ನಡದಲ್ಲಿ.

ನಾನೂ ಕನ್ನಡದಲ್ಲೇ ಗೋಗರೆದೆ: “ಬೇಡ ಸಾರ್. ಸಿಮೆಂಟ್ ಹಾಕಿದ್ರೆ ಒಳಗಿನ ತೇವ ಹೊರಗೆ ಬರಲ್ಲ. ಗೋಡೆ ಉಸಿರಾಡಬೇಕು ಸಾರ್.”

“ಏನಯ್ಯಾ, ಗೋಡೆಗೆ ಆಸ್ತಮಾನಾ?” ಎಂದು ಅವರು ನಕ್ಕರು. ನಾನೂ ನಕ್ಕೆ. ಥೂ ನನ್ನ ಜನ್ಮಕ್ಕೆ! ಅಂಗಳದ ಇನ್ನೊಂದು ತುದಿಯಲ್ಲಿ ಉಳಿದ ಸಾಮಾನು ಒಯ್ಯಲು ಬಂದಿದ್ದ ಆ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು.

ದೆಹಲಿಯ ಕಚೇರಿಗಳಲ್ಲಿ ನಮ್ಮ ಜನರ ರೀತಿಯೇ ಹೀಗೆ. ಬೇರೆ ಅಧಿಕಾರಿಯಾದರೆ ಫೈಲಿನಲ್ಲಿ ಆಕ್ಷೇಪಣೆ ಬರೆಯುತ್ತೇವೆ. ನಮ್ಮವರಾದರೆ ಕಾರಿನಲ್ಲಿ ಕೂತು ಕನ್ನಡದಲ್ಲಿ ಹೇಳಿ, ಹೇಳಿದ್ದಾಯಿತು ಎಂದು ಕೈ ತೊಳೆದುಕೊಳ್ಳುತ್ತೇವೆ. ನಮ್ಮವರ ಮೇಲೆ ಬರೆಯಬಾರದು. ಬರೆದವನನ್ನು ಮುಂದಿನ ಯುಗಾದಿಗೆ ಯಾರೂ ಕರೆಯುವುದಿಲ್ಲ. ನಾನೂ ಬರೆಯಲಿಲ್ಲ. ಒಂಟೆಗಳನ್ನು ಬಿಟ್ಟು ಸುತ್ತಲೂ, ಮೇಲೂ ಕೆಳಗೂ ಸಿಮೆಂಟು ಬಳಿದರು. ದೊಡ್ಡವರು ಬಂದರು, ಫೋಟೋ ತೆಗೆಸಿಕೊಂಡರು, ಹೋದರು.

ಒಂದು ಮಳೆಗಾಲ ಸಾಕಾಯಿತು. ತಾರಸಿಯ ನೀರು ಗೋಡೆಯೊಳಗೆ ಇಳಿಯಿತು, ಆಚೆ ಬರಲು ದಾರಿ ಕಾಣದೆ ಅಲ್ಲೇ ನಿಂತಿತು. ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಒಂದು ಬೆಳಿಗ್ಗೆ ಒಂಟೆಗಳ ಸಮೇತ ಅರ್ಧ ಗೋಡೆ ಅಂಗಳಕ್ಕೆ ಕುಸಿಯಿತು. ಪುಣ್ಯಕ್ಕೆ ಯಾರೂ ಇರಲಿಲ್ಲ; ಉಳಿದ ಕೆಲಸ ಮುಗಿಯದೆ ಆ ಕುಟುಂಬ ಇನ್ನೂ ಶೆಡ್ಡಿನಲ್ಲೇ ಇತ್ತು. ಮಾರನೆಯ ದಿನ ಬಾಗಿಲಿಗೆ ‘ಅಪಾಯಕಾರಿ ಕಟ್ಟಡ, ವಾಸಕ್ಕೆ ಯೋಗ್ಯವಲ್ಲ’ ಎಂಬ ಬೋರ್ಡು ಬಿತ್ತು.

ವರದಿಯ ಕರಡು ನನ್ನ ಮೇಜಿಗೆ ಬಂತು. ಗೋಡೆ ಹಳೆಯದಾಗಿದ್ದರಿಂದ ಕುಸಿಯಿತಂತೆ! ಇನ್ನೂರು ಮಳೆ ಕಂಡ ಗೋಡೆ ನಮ್ಮ ಕೈಗೆ ಸಿಕ್ಕ ವರ್ಷವೇ ಮುದಿಯಾಯಿತಂತೆ! “ಒಂದು ಸೈನ್ ಅಷ್ಟೇ ಕಣಯ್ಯಾ” ಎಂದರು ಸಾಹೇಬರು. ನನ್ನ ತಲೆ ಕೆಟ್ಟುಹೋಯಿತು. ಸುಣ್ಣ ಚೆಲ್ಲಿಸಿದ್ದು, ಸಿಮೆಂಟು ಹಾಕಿಸಿದ್ದು, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದು, ಎಲ್ಲವನ್ನೂ ಎರಡು ಪುಟ ಬರೆದು ಫೈಲಿಗೆ ಸೇರಿಸಿದೆ. ಅವರು ಅಂದಿನಿಂದ ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಾರೆ. ಮನೆಯಲ್ಲಿ ಹೆಂಡತಿಗೆ ಹೇಳಿದರೆ, “ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ” ಎಂದು ಕುಕ್ಕರ್ ಇಳಿಸಲು ಎದ್ದುಹೋದಳು.

ಆ ಭಾನುವಾರ ಶೆಡ್ಡಿಗೆ ಹೋದೆ. ಆಕೆಯ ಗಂಡ ಯಂತ್ರದಲ್ಲಿ ಕಾಗದ ಕತ್ತರಿಸುತ್ತಿದ್ದ. ನೆಲಕ್ಕೆ ಬಿಗಿಸದ ಯಂತ್ರ ಇನ್ನೂ ಮರದ ಹಲಗೆಗಳ ಮೇಲೆಯೇ ಅಲುಗಾಡುತ್ತ ನಿಂತಿತ್ತು. ಹೇಗಿದ್ದರೂ ಹವೇಲಿಗೆ ವಾಪಸ್ ಒಯ್ಯಬೇಕಲ್ಲ ಎಂದು ಹಾಗೆಯೇ ಬಿಟ್ಟಿದ್ದರು. ಆಕೆ ಚಹಾ ತಂದುಕೊಟ್ಟಳು. ನಾನು ವರದಿಗೆ ಏನು ಬರೆದೆನೆಂದು ಸ್ವಲ್ಪ ಜಂಬದಿಂದಲೇ ಹೇಳಿದೆ.

“ಅಚ್ಛಾ,” ಎಂದಳು. “ಅವತ್ತು ನೀವಿಬ್ಬರೂ ನಿಮ್ಮ ಭಾಷೆಯಲ್ಲಿ ಮಾತಾಡಿ ನಕ್ಕಿರಲ್ಲ, ನಾನು ಸಮಾಧಾನವಾಗಿ ಮನೆಗೆ ಬಂದೆ. ನೀವು ನಮ್ಮ ಪರವಾಗಿ ಹೇಳಿದಿರಿ, ದೊಡ್ಡ ಸಾಹಬ್ ಒಪ್ಪಿಕೊಂಡ್ರು ಅಂದುಕೊಂಡೆ. ಏನಂದಿರಿ ಅವತ್ತು?”

ಆಸ್ತಮಾದ ಆ ಜೋಕನ್ನು ಅವಳಿಗೆ ಹಿಂದಿಯಲ್ಲಿ ಹೇಳಿದೆ. ಹೇಳಲೇಬೇಕಿತ್ತು. ಗಂಡ ಯಂತ್ರ ನಿಲ್ಲಿಸಿದ.

“ಹಾಗಾದರೆ ನಾವು ವಾಪಸ್ ಹೋಗಲ್ಲ,” ಎಂದಳು.

“ಇಲ್ಲ,” ಎಂದೆ.

ಆಕೆ ನನ್ನನ್ನು ಬೈಯಲಿಲ್ಲ. ಗಂಡನ ಕಡೆ ತಿರುಗಿ, “ನಾಳೆ ಮಿಸ್ತ್ರಿನ ಕರೆಸಿ. ಮಷಿನ್ ಇಲ್ಲೇ ನೆಲಕ್ಕೆ ಕೂರಿಸಿಬಿಡೋಣ” ಎಂದಳು.