ಮಲ್ಲಿಗೆ ಬುಡದ ಬಿಳಿ ಎಳೆ

ಹಡಗಲಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಒಣಗಿದ ಎಲೆಯನ್ನೂ ಹೊರಗೆ ಚೆಲ್ಲುತ್ತಿರಲಿಲ್ಲ. ಎಲ್ಲವನ್ನೂ ಮಲ್ಲಿಗೆಯ ಬುಡಕ್ಕೆ ಸುರಿದು, “ಕೊಳೀಲಿ ಬಿಡ್ರಿ, ಅದಽ ಗಿಡದ ಊಟ” ಎನ್ನುತ್ತಿದ್ದರು. ಕೊಳೆತ ಎಲೆಯೊಳಗೆ ಹೆಣೆದುಕೊಂಡ ಬಿಳಿ ಬೂಷ್ಟಿನ ಎಳೆಗಳನ್ನು ಕೂಸಿಗೆ ಹೊದಿಸಿದಂತೆ ಮತ್ತೆ ಮುಚ್ಚುತ್ತಿದ್ದರು.

ಒಂದು ಮಳೆಗಾಲ, ಕೊಟ್ಟೂರಿನಿಂದ ಆಕೆಯ ಮಗಳನ್ನು ಹೆಣ್ಣು ನೋಡಲು ಬಂದವರ ಕಣ್ಣಿಗೆ ಅಲ್ಲೆದ್ದ ಅಣಬೆಗಳು ಬಿದ್ದವು. ಹುಡುಗನ ತಾಯಿ ಮೂಗಿಗೆ ಸೆರಗು ಹಿಡಿದು ನಕ್ಕರು: “ಏನ್ರೀ ಅಕ್ಕಾರ, ಮಲ್ಲಿಗಿ ಬೆಳಿತೀರೋ, ನಾಯಿಕೊಡಿ ಬೆಳಿತೀರೋ?”

ಮರುದಿನವೇ ಈಕೆ ಎಲೆಯನ್ನೆಲ್ಲ ಬಳಿದು ಸುಟ್ಟು, ಬುಡಕ್ಕೆ ಸುಣ್ಣ ಚೆಲ್ಲಿದರು. ಸಂಬಂಧವೇನೋ ಕೂಡಿತು. ಬೇಸಿಗೆಯಲ್ಲಿ ಮದುವೆಯ ದಂಡೆ ಕಟ್ಟಲು ಕುಳಿತರೆ, ಮೊಗ್ಗುಗಳು ಅಕ್ಕಿಕಾಳಿನಷ್ಟೇ ಇದ್ದವು. ಪೇಟೆಯಿಂದ ಹೂವು ತರಿಸಲೇ ಎಂದು ಕೇಳಿದೆ. ಅವರು ಆ ಮೊಗ್ಗುಗಳನ್ನೇ ಒಂದೊಂದಾಗಿ ದಾರಕ್ಕೆ ಕಟ್ಟತೊಡಗಿದರು.

“ಮಂದಿ ಮುಂದ ಮಾನ ಉಳೀತ್ರಿ. ಈ ಗಿಡದ ಮುಂದ ಹೆಂಗ ನಿಂದ್ರಲಿ?”